ಪಿಡಿಎಫ್ ಕ್ರಾಸ್ ಸೆಕ್ಷನ್‌ನಿಂದ ಲೆವೆಲ್ ಪಟ್ಟಿ: ಗೆರೆಗೆ ಮುಂಚೆ ಅಂಕಿ ತೆಗೆಯಿರಿ

ರಸ್ತೆಯದ್ದೋ ಕಾಲುವೆಯದ್ದೋ ಕ್ರಾಸ್ ಸೆಕ್ಷನ್‌ಗಳು (ಅಡ್ಡಕ್ಕೆ ಕತ್ತರಿಸಿದಂತೆ ಬಿಡಿಸಿದ ನಕ್ಷೆಗಳು) ಪಿಡಿಎಫ್‌ನಲ್ಲಿ ಮಾತ್ರ ಸಿಕ್ಕಿವೆ, ಅದರಿಂದಲೇ ಮಣ್ಣು ಕೆಲಸದ ಪರಿಮಾಣ ತೆಗೆಯಬೇಕು. ಹೀಗಿದ್ದಾಗ ಬಹಳ ಜನ ಹಾಳೆಯನ್ನು ನಕ್ಷೆ ಬಿಡಿಸುವ ತಂತ್ರಾಂಶ ಆಟೋಕ್ಯಾಡ್‌ಗೆ ತಂದು ನೆಲಮಟ್ಟದ ಗೆರೆಯ ಮೇಲೆ ಪಾಲಿಲೈನ್ ಎಳೆಯಲು ಕೂರುತ್ತಾರೆ. ಆದರೆ ಪ್ರತಿ ಸೆಕ್ಷನ್‌ನ ಕೆಳಗಿನ ಪಟ್ಟಿಯಲ್ಲಿ ಆಫ್‌ಸೆಟ್ (ಸೆಂಟರ್ ಲೈನ್‌ನಿಂದ ಅಡ್ಡಕ್ಕೆ ಇರುವ ದೂರ), ನೆಲಮಟ್ಟ, ಫಿನಿಶ್ಡ್ ಲೆವೆಲ್ (ಕೆಲಸ ಮುಗಿದ ಮೇಲೆ ಇರಬೇಕಾದ ಮಟ್ಟ) ಮೂರು ದಶಮಾಂಶದವರೆಗೆ ಬರೆದೇ ಇರುತ್ತದೆ. ಸರ್ವೆಯಲ್ಲಿ ಅಳೆದದ್ದು, ವಿನ್ಯಾಸದಲ್ಲಿ ನಿಗದಿಯಾದದ್ದು ಆ ಅಂಕಿ. ಗೆರೆ ಅದರಿಂದ ಬಿಡಿಸಿದ ಚಿತ್ರ. ಆದ್ದರಿಂದ ಮೊದಲು ಅಂಕಿ ತೆಗೆಯಬೇಕು, ಗೆರೆಯನ್ನು ತಾಳೆ ನೋಡಲು ಇಟ್ಟುಕೊಳ್ಳಬೇಕು.

ಅದಕ್ಕೂ ಮುಂಚೆ ನಕ್ಷೆ ಮಾಡಿದವರಿಗೆ ಒಂದು ಪತ್ರ ಬರೆದು ಡಿಡಬ್ಲ್ಯೂಜಿ (ಆಟೋಕ್ಯಾಡ್‌ನ ಮೂಲ ಕಡತ) ಅಥವಾ ಲ್ಯಾಂಡ್‌ಎಕ್ಸ್‌ಎಂಎಲ್ (ಸರ್ವೆ, ರಸ್ತೆ ವಿನ್ಯಾಸದ ಮಾಹಿತಿ ಹಂಚುವ) ಕಡತ ಕೇಳಿ. ಸಿಕ್ಕರೆ ಮುಂದಿನ ಯಾವ ಕೆಲಸವೂ ಬೇಕಾಗುವುದಿಲ್ಲ. ಸಿಗದಿದ್ದರೆ, ಕೈಯಲ್ಲಿರುವ ಪಿಡಿಎಫ್ ಯಾವ ಜಾತಿಯದ್ದು ಎಂದು ನೋಡಿ. ಚೆನ್ನಾಗಿ ಹಿಗ್ಗಿಸಿದಾಗಲೂ ಗೆರೆ ಚೂಪಾಗಿದ್ದರೆ ಅದು ವೆಕ್ಟರ್ (ಗೆರೆಗಳಾಗಿಯೇ ಉಳಿಸಿದ್ದು). ಅಂಚು ಮಸುಕಾಗಿ ಚೌಕ ಚೌಕ ಕಂಡರೆ ಸ್ಕ್ಯಾನ್. ವೆಕ್ಟರ್ ಆಗಿದ್ದರೆ ಪಟ್ಟಿಯ ಒಂದು ಲೆವೆಲ್ ಅನ್ನು ಮೌಸ್‌ನಿಂದ ಆಯ್ದು ಕಾಪಿ ಮಾಡಿ ನೋಡಿ. ಅಂಕಿ ಬಂದರೆ ನಿಜವಾದ ಪಠ್ಯವಿದೆ. ಪಾಪ್ಲರ್ ಎಂಬ ಉಚಿತ ಪಿಡಿಎಫ್ ತಂತ್ರಾಂಶದ ಪಿಡಿಎಫ್‌ಫಾಂಟ್ಸ್ ಉಪಕರಣ ಒಂದೂ ಫಾಂಟ್ ತೋರಿಸದಿದ್ದರೆ ಅಕ್ಷರಗಳೆಲ್ಲ ಗೆರೆಗಳಾಗಿವೆ ಎಂದು ತಿಳಿಯಿರಿ.

ಆಟೋಕ್ಯಾಡ್‌ನ ಎಸ್‌ಎಚ್‌ಎಕ್ಸ್ ಫಾಂಟಿನಲ್ಲಿ (ಅಕ್ಷರವನ್ನು ಗೆರೆಗಳಿಂದಲೇ ಬಿಡಿಸುವ ಫಾಂಟ್) ಬರೆದ ನಕ್ಷೆಗಳಲ್ಲಿ ಹೀಗಾಗುತ್ತದೆ. ನಮ್ಮ ಕಡೆಯ ಹಳೆಯ ನಕ್ಷೆಗಳಲ್ಲಿ ಇದು ತುಂಬ ಸಾಮಾನ್ಯ. ಆದರೂ ಆಸೆ ಬಿಡಬೇಡಿ. ಆಟೋಕ್ಯಾಡ್‌ನ ಈಚಿನ ಆವೃತ್ತಿಗಳು ಪಿಡಿಎಫ್ ಮಾಡುವಾಗ ಪ್ರತಿ ಎಸ್‌ಎಚ್‌ಎಕ್ಸ್ ಬರಹವನ್ನೂ ಒಂದು ಕಾಮೆಂಟ್ ಆಗಿ ಅಡಗಿಸಿಡುತ್ತವೆ. ರೀಡರ್‌ನ ಕಾಮೆಂಟ್ ಪಟ್ಟಿಯಲ್ಲಿ ‘ಆಟೋಕ್ಯಾಡ್ ಎಸ್‌ಎಚ್‌ಎಕ್ಸ್ ಟೆಕ್ಸ್ಟ್’ ಎಂಬ ಹೆಸರಿನಲ್ಲಿ ನೂರಾರು ನಮೂದು ಕಂಡರೆ ಅರ್ಧ ಕೆಲಸ ಮುಗಿದಂತೆ. ಪ್ರಿಂಟಿಗೆ ಅಡ್ಡ ಬರುತ್ತವೆಂದು ಎಷ್ಟೋ ಕಚೇರಿಗಳಲ್ಲಿ ಇವನ್ನು ಅಳಿಸಿಬಿಡುತ್ತಾರೆ. ಅಳಿಸುವ ಮುಂಚಿನ ಪ್ರತಿ ಇದೆಯೇ ಎಂದು ಕೇಳಿ ಪಡೆಯಿರಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಪೈಮುಪಿಡಿಎಫ್ ಲೈಬ್ರರಿಯಿಂದ ಆ ಕಾಮೆಂಟ್‌ಗಳ ಒಳಗಿನ ಬರಹವನ್ನೂ ಅದು ಕೂತಿರುವ ಆಯತದ ಸ್ಥಾನವನ್ನೂ ಒಟ್ಟಿಗೆ ಓದಬಹುದು.

ಕಾಮೆಂಟೂ ಇಲ್ಲವೆಂದರೆ ಆಟೋಕ್ಯಾಡ್‌ನ ಪಿಡಿಎಫ್‌ಇಂಪೋರ್ಟ್ (ಪಿಡಿಎಫ್ ಅನ್ನು ಗೆರೆಗಳಾಗಿ ತರುವ ಕಮಾಂಡ್) ಆದ ಮೇಲೆ, ಗೆರೆಗಳನ್ನು ಮತ್ತೆ ಅಕ್ಷರ ಮಾಡುವ ಪಿಡಿಎಫ್‌ಎಸ್‌ಎಚ್‌ಎಕ್ಸ್‌ಟೆಕ್ಸ್ಟ್ ಕಮಾಂಡ್ ಬಳಸಬೇಕು. ಸೆಟ್ಟಿಂಗ್ಸ್‌ನಲ್ಲಿ ಆ ನಕ್ಷೆಯಲ್ಲಿ ಇರಬಹುದಾದ ಒಂದೆರಡು ಫಾಂಟ್ ಮಾತ್ರ ಆರಿಸಿ. ಎಲ್ಲವನ್ನೂ ಆರಿಸಿದರೆ ಗೊಂದಲ ಹೆಚ್ಚುತ್ತದೆ. ಇಲ್ಲಿ ಕೈಕೊಡುವುದು ದಶಮಾಂಶದ ಚುಕ್ಕಿ. ಅದು ಒಂದು ಪುಟ್ಟ ಗೆರೆಯ ತುಣುಕು, ಆಯ್ಕೆಯಲ್ಲಿ ತಪ್ಪಿಹೋದರೆ 912.345 ಇದ್ದದ್ದು 912345 ಆಗುತ್ತದೆ. 8ರ ಜಾಗಕ್ಕೆ 3, 6ರ ಜಾಗಕ್ಕೆ 5 ಬರುವುದೂ ಉಂಟು. ಚುಕ್ಕಿ ತಪ್ಪಿದ್ದು ಕಣ್ಣಿಗೆ ಬೀಳುತ್ತದೆ, 8 ಹೋಗಿ 3 ಬಂದದ್ದು ಬೀಳುವುದಿಲ್ಲ. ಅದನ್ನು ಹಿಡಿಯಲು ಪಟ್ಟಿಯಲ್ಲೇ ಒಂದು ದಾರಿಯಿದೆ: ಹೆಚ್ಚಿನ ಪಟ್ಟಿಗಳಲ್ಲಿ ಫಿನಿಶ್ಡ್ ಲೆವೆಲ್‌ಗೂ ನೆಲಮಟ್ಟಕ್ಕೂ ಇರುವ ವ್ಯತ್ಯಾಸದ ಸಾಲು ಇರುತ್ತದೆ. ಎಕ್ಸೆಲ್‌ನಲ್ಲಿ ಕಳೆದು ನೋಡಿ. ಆ ಸಾಲಿಗೆ ಹೊಂದದ ಕಡೆ ಮೂರರಲ್ಲಿ ಒಂದು ಅಂಕಿ ತಪ್ಪು.

ನಿಜವಾದ ಪಠ್ಯ ಇರುವ ಪಿಡಿಎಫ್‌ನಲ್ಲಿ ತೊಂದರೆ ಬೇರೆಯದು. ಲೆವೆಲ್‌ಗಳನ್ನು 90 ಡಿಗ್ರಿ ತಿರುಗಿಸಿ ಕೆಳಗಿನಿಂದ ಮೇಲಕ್ಕೆ ಬರೆದಿರುತ್ತಾರೆ. ಸಾಮಾನ್ಯ ಕಾಪಿ-ಪೇಸ್ಟ್‌ನಲ್ಲಿ ಅವು ಚೂರುಚೂರಾಗಿ, ಕ್ರಮ ತಪ್ಪಿ ಬರುತ್ತವೆ. ಪೈಮುಪಿಡಿಎಫ್ ಪ್ರತಿ ಸಾಲಿನ ದಿಕ್ಕನ್ನೂ ಹೇಳುವುದರಿಂದ ತಿರುಗಿದ ಬರಹವನ್ನು ಮಾತ್ರ ಬೇರ್ಪಡಿಸಿ, ಪ್ರತಿ ಅಂಕಿಯ ನಡುಬಿಂದುವನ್ನು ಹಿಡಿದು ಎಡದಿಂದ ಬಲಕ್ಕೆ ಜೋಡಿಸಬಹುದು. ಸ್ಥಾನಗಳು ಪಾಯಿಂಟ್‌ನಲ್ಲಿ ಬರುತ್ತವೆ. 72 ಪಾಯಿಂಟ್‌ಗೆ ಒಂದು ಇಂಚು, ಅಂದರೆ ಒಂದು ಮಿಲಿಮೀಟರಿಗೆ ಸುಮಾರು 2.83.

ಆಫ್‌ಸೆಟ್‌ಗೂ ಲೆವೆಲ್‌ಗೂ ಜೋಡಿ ಕೂಡಿಸುವಾಗ ಎಚ್ಚರ ಬೇಕು. ಚರಂಡಿಯ ಎರಡು ಅಂಚಿನ ನಡುವೆ 0.3 ಮೀಟರ್ ಇದ್ದರೆ 1:200 ಸ್ಕೇಲಿನಲ್ಲಿ ಅದು ಕಾಗದದ ಮೇಲೆ 1.5 ಮಿಲಿಮೀಟರ್. ಅಕ್ಷರದ ಎತ್ತರವೇ 2 ಮಿಲಿಮೀಟರ್ ಇದ್ದಾಗ ಒಂದರ ಮೇಲೊಂದು ಬೀಳದಿರಲೆಂದು ಅಂಕಿಗಳನ್ನು ಪಕ್ಕಕ್ಕೆ ಸರಿಸಿರುತ್ತಾರೆ. ಅಲ್ಲಿ ನೇರ ಮೇಲೆ-ಕೆಳಗೆ ನೋಡಿ ಜೋಡಿಸಿದರೆ ಚರಂಡಿಯ ತಳದ ಲೆವೆಲ್ ದಂಡೆಗೆ ಹೋಗಿ ಕೂರುತ್ತದೆ. ಎರಡೂ ಸಾಲಿನ ಅಂಕಿಗಳನ್ನು ಎಣಿಸಿ, ಎಣಿಕೆ ಸಮವಿದ್ದರೆ ಕ್ರಮದ ಪ್ರಕಾರ ಜೋಡಿಸಿ. ಸಮವಿಲ್ಲದ ಸೆಕ್ಷನ್‌ಗಳನ್ನು ಕೈಯಿಂದಲೇ ನೋಡಬೇಕು, ಬೇರೆ ದಾರಿಯಿಲ್ಲ.

ಪಟ್ಟಿಯಲ್ಲಿ ಜಾಗ ಸಾಲದೆ ಕೆಲವು ಬಿಂದುಗಳ ಲೆವೆಲ್ ಬರೆಯದೇ ಬಿಟ್ಟಿದ್ದರೆ ಆಗ ಗೆರೆ ಬೇಕಾಗುತ್ತದೆ. ಪಿಡಿಎಫ್‌ಇಂಪೋರ್ಟ್ ಮಾಡುವಾಗ ‘ಬ್ಲಾಕ್ ಆಗಿ ತರು’ ಎಂಬ ಆಯ್ಕೆ ಒತ್ತಿ, ಎಲ್ಲ ಗೆರೆಗಳೂ ಒಂದೇ ಗುಂಪಾಗಿ ಬರುತ್ತವೆ. ಹೆಚ್ಚಿನ ಸೆಕ್ಷನ್‌ಗಳಲ್ಲಿ ಅಡ್ಡಕ್ಕೆ 1:200, ಎತ್ತರಕ್ಕೆ 1:100 ಎಂದು ಬೇರೆ ಬೇರೆ ಸ್ಕೇಲ್ ಇರುತ್ತದೆ. ಬ್ಲಾಕ್‌ಗಾದರೆ ಎಕ್ಸ್ ಮತ್ತು ವೈ ಗುಣಕ ಬೇರೆ ಬೇರೆ ಕೊಡಬಹುದು. ನಕ್ಷೆಯಲ್ಲಿ ಬರೆದ ಸ್ಕೇಲನ್ನು ನಂಬಬೇಡಿ. ಎ1 ಹಾಳೆಯನ್ನು ಎ3ಗೆ ಕುಗ್ಗಿಸಿ ಪಿಡಿಎಫ್ ಮಾಡಿದ್ದರೆ ಎಲ್ಲವೂ ಅರ್ಧವಾಗಿರುತ್ತದೆ, ಬರೆದ ಸ್ಕೇಲ್ ಮಾತ್ರ ಹಾಗೇ ಉಳಿದಿರುತ್ತದೆ. −10 ಮತ್ತು +10 ಆಫ್‌ಸೆಟ್‌ಗಳ ಲಂಬ ಗೆರೆಗಳ ನಡುವಿನ ಅಂತರ ಅಳೆದು, 20ನ್ನು ಅದರಿಂದ ಭಾಗಿಸಿ. ಅದೇ ಎಕ್ಸ್ ಗುಣಕ. ವೈ ಗುಣಕಕ್ಕೆ ಡೇಟಮ್ ಗೆರೆಯಿಂದ (ಸೆಕ್ಷನ್‌ನ ಎತ್ತರಗಳಿಗೆ ಆಧಾರವಾದ ಕೆಳಗಿನ ಗೆರೆ) ಲೆವೆಲ್ ಗೊತ್ತಿರುವ ಅತಿ ಎತ್ತರದ ಬಿಂದುವಿನವರೆಗೆ ಅಳೆದು ಹೀಗೆಯೇ ಲೆಕ್ಕ ಮಾಡಿ.

ಗುಣಕ ಕೊಟ್ಟು ಬ್ಲಾಕ್ ಅನ್ನು ಎಕ್ಸ್‌ಪ್ಲೋಡ್ ಮಾಡಿ ಬಿಡಿ ಗೆರೆಗಳಾಗಿಸಿದ ಮೇಲೆ, ಸೆಂಟರ್ ಲೈನ್ ಡೇಟಮ್ ಗೆರೆಯನ್ನು ಕತ್ತರಿಸುವ ಬಿಂದುವನ್ನು ಎಕ್ಸ್ ಸೊನ್ನೆ, ವೈ ಡೇಟಮ್ ಲೆವೆಲ್ ಆಗುವಂತೆ ಸರಿಸಿ. ಡೇಟಮ್ 905.000 ಇದ್ದರೆ ಆ ಬಿಂದು 0,905ಕ್ಕೆ ಬರಬೇಕು. ಈಗ ಗೆರೆಯ ಪ್ರತಿ ತಿರುವಿನ ಎಕ್ಸ್ ಆಫ್‌ಸೆಟ್ ಆಗಿರುತ್ತದೆ, ವೈ ನೇರವಾಗಿ ಲೆವೆಲ್. ಒಂದು ಹಾಳೆಯಲ್ಲಿ ಆರು ಸೆಕ್ಷನ್ ಇದ್ದರೆ ಆರಕ್ಕೂ ಡೇಟಮ್ ಬೇರೆ ಇರಬಹುದು. ಮುಂದೆ ಎಲ್ಲಾದರೂ ಸರಿಯಾಗಿ 1.000 ಅಥವಾ 5.000 ಮೀಟರ್ ಜಿಗಿತ ಕಂಡರೆ ಪಕ್ಕದ ಸೆಕ್ಷನ್‌ನ ಡೇಟಮ್ ಹಾಕಿದ್ದೀರಿ ಎಂದೇ ಮೊದಲು ಅನುಮಾನಿಸಿ. ಚುಕ್ಕೆಗೆರೆಯಾಗಿದ್ದ ನೆಲಮಟ್ಟ ನೂರಾರು ತುಣುಕಾಗಿ ಬರುತ್ತದೆ. ಓವರ್‌ಕಿಲ್ ಕಮಾಂಡ್‌ನಿಂದ ಒಂದರ ಮೇಲೊಂದು ಬಿದ್ದ ಜೋಡಿ ಗೆರೆ ತೆಗೆದು, ಪೆಡಿಟ್ ಕಮಾಂಡ್‌ನ ಜಾಯಿನ್‌ನಲ್ಲಿ ತುಣುಕುಗಳ ನಡುವಿನ ಖಾಲಿ ಜಾಗಕ್ಕಿಂತ ತುಸು ಹೆಚ್ಚು ಫಜ್ ಅಂತರ ಕೊಟ್ಟು ಸೇರಿಸಿ.

ಗೆರೆಯಿಂದ ಎಷ್ಟು ನಿಖರತೆ ಸಿಗುತ್ತದೆ? 600 ಡಿಪಿಐನಲ್ಲಿ ಪಿಡಿಎಫ್ ಮಾಡಿದ್ದರೆ ಒಂದು ಹೆಜ್ಜೆ 0.042 ಮಿಲಿಮೀಟರ್, 1:100ರಲ್ಲಿ ನೆಲದ ಮೇಲೆ 4 ಮಿಲಿಮೀಟರ್. ಮಣ್ಣು ಕೆಲಸಕ್ಕೆ ಇದು ಧಾರಾಳವಾಗಿ ಸಾಕು. ಸ್ಕ್ಯಾನ್ ಮಾಡಿದ್ದಕ್ಕೆ ಈ ಮಾತು ಹೇಳಲಾಗದು: ಗೆರೆಯೇ ನಾಲ್ಕೈದು ಪಿಕ್ಸೆಲ್ ದಪ್ಪ, ಕಾಗದ ಸೊಟ್ಟ, ಕೆಲವು ಸೆಂಟಿಮೀಟರ್ ಸುಮ್ಮನೆ ಹೋಗುತ್ತದೆ. ಸ್ಕ್ಯಾನ್ ಹಾಳೆಗಳಲ್ಲಿ ಗೆರೆ ಹಿಡಿಯುವ ಪ್ರಯತ್ನವನ್ನೇ ಮಾಡಬೇಡಿ. ಒಬ್ಬರು ಓದಿ ಇನ್ನೊಬ್ಬರು ಎಕ್ಸೆಲ್‌ಗೆ ಹೊಡೆಯುವುದೇ ಬೇಗ, ನಂಬಿಕೆಗೂ ಅರ್ಹ.

ಪಟ್ಟಿ ಸಿದ್ಧವಾದ ಮೇಲೆ ಚೈನೇಜ್ (ಆರಂಭದಿಂದ ರಸ್ತೆಯುದ್ದಕ್ಕೆ ಇರುವ ದೂರ), ಆಫ್‌ಸೆಟ್, ಲೆವೆಲ್ ಎಂಬ ಮೂರು ಕಾಲಂನ ಸಿಎಸ್‌ವಿ ಮಾಡಿ. 12+340 (12 ಕಿ.ಮೀ. 340 ಮೀ.) ಎಂಬುದನ್ನು 12340 ಎಂದು ಬರೆಯಿರಿ. ಎಡಬದಿಯ ಆಫ್‌ಸೆಟ್‌ಗೆ ಮೈನಸ್ ಬೇಕು. ಪಿಡಿಎಫ್‌ನಿಂದ ಬಂದ ಮೈನಸ್ ಎಷ್ಟೋ ಸಲ ಉದ್ದನೆಯ ಡ್ಯಾಶ್ ಆಗಿರುತ್ತದೆ, ಎಕ್ಸೆಲ್ ಅದನ್ನು ಅಂಕಿ ಎಂದು ಒಪ್ಪುವುದಿಲ್ಲ. ಮೊದಲೇ ಹುಡುಕಿ ಬದಲಿಸಿ. ರಸ್ತೆ ವಿನ್ಯಾಸದ ತಂತ್ರಾಂಶ ಸಿವಿಲ್ 3ಡಿಯಲ್ಲಿ ಪಾಯಿಂಟ್ ರಚನೆಯ ಅಲೈನ್‌ಮೆಂಟ್ (ರಸ್ತೆಯ ಮಧ್ಯರೇಖೆ) ಗುಂಪಿನಲ್ಲಿ ‘ಇಂಪೋರ್ಟ್ ಫ್ರಮ್ ಫೈಲ್’ ಇದೆ; ಅಲ್ಲಿ ಸ್ಟೇಷನ್, ಆಫ್‌ಸೆಟ್, ಎಲಿವೇಶನ್ ಮಾದರಿ ಆರಿಸಿದರೆ ಬಿಂದುಗಳು ತಮ್ಮ ಜಾಗಕ್ಕೆ ಬೀಳುತ್ತವೆ. ಆದರೆ ಅಲೈನ್‌ಮೆಂಟ್ ಸೆಕ್ಷನ್ ತೆಗೆದಾಗಿನದೇ ಆಗಿರಬೇಕು. ಆಮೇಲೆ ತಿದ್ದಿದ ಅಲೈನ್‌ಮೆಂಟ್ ಮೇಲೆ ಹಳೆಯ ಆಫ್‌ಸೆಟ್ ಕೂರಿಸಿದರೆ ಪ್ರತಿ ಲೆವೆಲ್ಲೂ ಸರಿಯಿದ್ದು ನೆಲ ಮಾತ್ರ ಬೇರೆ ಕಡೆ ಇರುತ್ತದೆ. ಪ್ಲಾನ್ ಹಾಳೆಯಲ್ಲಿನ ಐಪಿ (ಎರಡು ನೇರ ಗೆರೆಗಳು ಸಂಧಿಸುವ ಬಿಂದು) ನಿರ್ದೇಶಾಂಕ, ತ್ರಿಜ್ಯಗಳಿಂದ ಅಲೈನ್‌ಮೆಂಟ್ ಕಟ್ಟಿ, ಚೈನೇಜ್ ಈಕ್ವೇಶನ್ (ಮಧ್ಯೆ ಚೈನೇಜ್ ಎಣಿಕೆ ಬದಲಾಗುವ ಜಾಗ) ಇದ್ದರೆ ಅದನ್ನೂ ಹಾಕಿ.

ಈ ಬಿಂದುಗಳಿಂದ ಸುಮ್ಮನೆ ಸರ್ಫೇಸ್ (ಬಿಂದುಗಳನ್ನು ತ್ರಿಕೋನಗಳಿಂದ ಜೋಡಿಸಿದ ನೆಲದ ಮಾದರಿ) ಮಾಡಿದರೆ ಕೆಡುತ್ತದೆ. ಸೆಕ್ಷನ್‌ನೊಳಗೆ ಬಿಂದುಗಳು ಮೀಟರಿಗೊಂದು, ಸೆಕ್ಷನ್‌ಗಳ ನಡುವೆ 20 ಮೀಟರ್. ತ್ರಿಕೋನಗಳು ಚರಂಡಿಯ ತಳವನ್ನು ಮುಂದಿನ ಸೆಕ್ಷನ್‌ನ ದಂಡೆಗೆ ಕಟ್ಟಿಹಾಕುತ್ತವೆ. ರಸ್ತೆ ಅಂಚು, ಬದು, ಚರಂಡಿ ತಳ, ಇಳಿಜಾರಿನ ಬುಡ ಇವುಗಳನ್ನು ಸೆಕ್ಷನ್‌ನಿಂದ ಸೆಕ್ಷನ್‌ಗೆ ಬ್ರೇಕ್‌ಲೈನ್‌ನಿಂದ (ತ್ರಿಕೋನಗಳು ದಾಟದ ಗೆರೆ) ಜೋಡಿಸಲೇಬೇಕು. ನೇರ ನಿಂತ ಗೋಡೆಯಿದ್ದರೆ ಮೇಲಿನ ಬಿಂದುವನ್ನು ಒಂದು ಸೆಂಟಿಮೀಟರ್ ಪಕ್ಕಕ್ಕೆ ಸರಿಸಿ, ಒಂದೇ ಜಾಗದಲ್ಲಿ ಎರಡು ಲೆವೆಲ್ ಸರ್ಫೇಸಿನಲ್ಲಿ ನಿಲ್ಲುವುದಿಲ್ಲ. ಪರಿಮಾಣ ಒಂದೇ ಬೇಕಿದ್ದರೆ ಸರ್ಫೇಸಿನ ಗೊಡವೆಯೇ ಬೇಡ: ಎರಡು ಸೆಕ್ಷನ್‌ಗಳ ಕ್ಷೇತ್ರಫಲದ ಸರಾಸರಿಯನ್ನು ನಡುವಿನ ದೂರದಿಂದ ಗುಣಿಸಿ.

ಕೊನೆಯ ತಾಳೆ ಕ್ಷೇತ್ರಫಲದ್ದು. ಹಾಳೆಯಲ್ಲಿ ಕಟಿಂಗ್, ಫಿಲ್ಲಿಂಗ್ ಎಷ್ಟು ಚದರ ಮೀಟರ್ ಎಂದು ಅಚ್ಚಾಗಿದ್ದರೆ ನಿಮ್ಮ ಲೆಕ್ಕದ ಪಕ್ಕದಲ್ಲಿಡಿ. ಎಲ್ಲೋ ಒಂದೆರಡು ಸೆಕ್ಷನ್‌ನಲ್ಲಿ ಮಾತ್ರ ವ್ಯತ್ಯಾಸ ಬಂದರೆ ಅಲ್ಲಿ ಅಂಕಿ ತಪ್ಪಿದೆ. ಎಲ್ಲದರಲ್ಲೂ ಒಂದೇ ಪ್ರಮಾಣದ ವ್ಯತ್ಯಾಸವಿದ್ದರೆ ಅವರು ರಸ್ತೆ ಪದರಗಳ ದಪ್ಪ ಕಳೆದು ಲೆಕ್ಕ ಹಾಕಿರಬಹುದು: 10 ಮೀಟರ್ ಅಗಲಕ್ಕೆ 0.6 ಮೀಟರ್ ದಪ್ಪವೆಂದರೆ ಪ್ರತಿ ಸೆಕ್ಷನ್‌ಗೆ 6 ಚದರ ಮೀಟರ್. ಸಿಎಸ್‌ವಿಯನ್ನು ಇನ್ನೊಬ್ಬರಿಗೆ ಕೊಡುವಾಗ ಹಾಳೆಯ ಸಂಖ್ಯೆಗೊಂದು ಕಾಲಂ, ಲೆವೆಲ್ ಬಂದದ್ದು ಪಟ್ಟಿಯಿಂದಲೋ ಗೆರೆಯಿಂದಲೋ ಎಂಬುದಕ್ಕೊಂದು ಕಾಲಂ ಸೇರಿಸಿ ಕೊಡಿ. ಬಿಲ್ಲಿನ ಸಮಯದಲ್ಲಿ ಆ ಎರಡು ಕಾಲಂಗಳನ್ನೇ ಮೊದಲು ಕೇಳುತ್ತಾರೆ.