ಐದು ಡಾಲರ್ ಕೈಗೆ, ಇಪ್ಪತ್ತೈದು ಮನೆಗೆ

ಅಮೆರಿಕದ ವರ್ಜೀನಿಯಾ ರಾಜ್ಯದ ಲೂರೇ ಪಟ್ಟಣಕ್ಕೆ ಬಂದವರೆಲ್ಲ ಸುಣ್ಣಕಲ್ಲಿನ ಗುಹೆಯ ಮುಂದೆ ಸಾಲು ನಿಲ್ಲುತ್ತಾರೆ. ನಾವು ಗುಹೆಯನ್ನು ಬಿಟ್ಟು ಪಶ್ಚಿಮಕ್ಕೆ 675ನೇ ನಂಬರಿನ ರಸ್ತೆ ಹಿಡಿದೆವು. ಮ್ಯಾಸನಟನ್ ಬೆಟ್ಟವನ್ನು ಹತ್ತಿ ಆಚೆ ಇಳಿದರೆ ಜಾರ್ಜ್ ವಾಷಿಂಗ್ಟನ್ ರಾಷ್ಟ್ರೀಯ ಅರಣ್ಯದೊಳಗೆ ಕ್ಯಾಂಪ್ ರೂಸ್‌ವೆಲ್ಟ್. ಡೇರೆ ಹಾಕುವ ಬಯಲು, ಮಾಹಿತಿ ಫಲಕಗಳು, ತರಗೆಲೆಯಡಿ ಅಲ್ಲಲ್ಲಿ ಇಣುಕುವ ತಳಪಾಯಗಳು, ಇಷ್ಟೇ. ಕಾಲಲ್ಲಿ ಎಲೆ ಸರಿಸಿದರೆ ಗೋಡೆ ಎದ್ದಿದ್ದ ಗೆರೆ ಸಿಗುತ್ತದೆ.

ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದ ಹುಡುಗರಿಗಾಗಿ ಅಮೆರಿಕ ಸರ್ಕಾರ ಕಟ್ಟಿದ 'ಸಿವಿಲಿಯನ್ ಕನ್ಸರ್ವೇಶನ್ ಕೋರ್' ಎಂಬ ಕಾಡು ಸಂರಕ್ಷಣೆಯ ದಳದ ಮೊದಲ ಶಿಬಿರ ಇದು. ಅಧ್ಯಕ್ಷ ರೂಸ್‌ವೆಲ್ಟ್ ಅಧಿಕಾರ ವಹಿಸಿಕೊಂಡದ್ದು 1933ರ ಮಾರ್ಚ್ 4ರಂದು. ಏಪ್ರಿಲ್ 17ಕ್ಕೆ ಇಲ್ಲಿ ಡೇರೆಗಳು ಎದ್ದಿದ್ದವು. ಒಂದು ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಹಿಡಿಯುವ ಕಾಲವನ್ನು ಬಲ್ಲ ನನಗೆ ಆ ಫಲಕವನ್ನು ಎರಡು ಸಲ ಓದಬೇಕಾಯಿತು. ಶಿಬಿರ ನಡೆಸಿದ್ದು ಸೇನೆ, ಕಾಡಿನ ಕೆಲಸ ಹೇಳಿಕೊಟ್ಟದ್ದು ಅರಣ್ಯ ಇಲಾಖೆ. ತಿಂಗಳ ಸಂಬಳ 30 ಡಾಲರ್. ಅದರಲ್ಲಿ 25 ನೇರವಾಗಿ ಮನೆಗೆ ಹೋಗುತ್ತಿತ್ತು. ನನಗೆ ಇಡೀ ಯೋಜನೆಯ ಜಾಣತನವೆಲ್ಲ ಈ ಲೆಕ್ಕದಲ್ಲೇ ಕಾಣುತ್ತದೆ: ಮಗ ಕಾಡಿನಲ್ಲಿ ಗುದ್ದಲಿ ಹಿಡಿದರೆ ಊರಿನಲ್ಲಿ ತಾಯಿ ಕಿರಾಣಿ ಅಂಗಡಿಯ ಸಾಲ ತೀರಿಸುತ್ತಿದ್ದಳು. 1942ರವರೆಗೆ ಸುಮಾರು 30 ಲಕ್ಷ ಹುಡುಗರು ದೇಶದುದ್ದಕ್ಕೂ ಇಂಥ ಶಿಬಿರಗಳಲ್ಲಿ ದುಡಿದು ಸುಮಾರು 300 ಕೋಟಿ ಸಸಿ ನೆಟ್ಟರು.

ಮಧ್ಯಾಹ್ನ ಲೂರೇಗೆ ಮರಳಿ, ಪೂರ್ವದ ಶೆನಾಂಡೋವಾ ರಾಷ್ಟ್ರೀಯ ಉದ್ಯಾನದ ಸ್ಕೈಲೈನ್ ಡ್ರೈವ್ ಏರಿದೆವು. ಈ ರಸ್ತೆಯನ್ನು ಆ ಹುಡುಗರೇ ಕಡಿದರು ಎಂದು ಹೇಳುವವರುಂಟು. ಅದು ಪೂರ್ತಿ ನಿಜವಲ್ಲ. ಬೆಟ್ಟ ಕೊರೆದ ಗುತ್ತಿಗೆದಾರರು 1931ರಲ್ಲೇ ಕೆಲಸ ಶುರು ಮಾಡಿದ್ದರು. ಹುಡುಗರು ಇಳಿಜಾರುಗಳನ್ನು ಹದಗೊಳಿಸಿದರು, ಗಿಡ ನೆಟ್ಟರು, ಅಂಚಿನ ಕಲ್ಲುಗೋಡೆ ಕಟ್ಟಿದರು. ಬಿಗ್ ಮೆಡೋಸ್ ವಸತಿಗೃಹದ ಒಳಗೋಡೆಗೆ ಚೆಸ್ಟ್‌ನಟ್ ಮರದ ಅಗಲವಾದ ಹಲಗೆಗಳಿವೆ. ಶಿಲೀಂಧ್ರ ರೋಗಕ್ಕೆ ಆ ಜಾತಿಯ ದೊಡ್ಡ ಮರಗಳೇ ನಾಶವಾದ್ದರಿಂದ, ಅಷ್ಟು ಅಗಲದ ಹಲಗೆ ಇಂದು ಆ ಕಾಡಿನಿಂದ ಸಿಗುವುದಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ಲೂಯಿಸ್ ಮೌಂಟನ್. ನೇಮಕದಲ್ಲಿ ಬಣ್ಣ, ಜನಾಂಗದ ಭೇದ ಕೂಡದೆಂದು ಯೋಜನೆಯ ಕಾಯ್ದೆಯಲ್ಲೇ ಬರೆದಿತ್ತು. ಆದರೂ ಕಪ್ಪು ಹುಡುಗರನ್ನು ಬೇರೆ ತುಕಡಿಗಳಲ್ಲಿಟ್ಟರು. ಉದ್ಯಾನಕ್ಕೆ ಬರುವ ಕಪ್ಪು ಜನರಿಗೆಂದು 1939ರಲ್ಲಿ ತೆರೆದ ಪ್ರತ್ಯೇಕ ತಾಣವೇ ಈ ಲೂಯಿಸ್ ಮೌಂಟನ್. ಈಗ ಅದು ಎಲ್ಲರ ಶಿಬಿರತಾಣ. ನಾವು ಹೋದಾಗ ಖಾಲಿ ಜಾಗವೇ ಇರಲಿಲ್ಲ.