ಪಾರ್ಟ್ ಬಿಗೆ ತಡವಾಗಿ ಸೇರಿದರೆ ದಂಡ ಎಷ್ಟು ವರ್ಷ?

ಅಮೆರಿಕದಲ್ಲಿ ಮೂವತ್ತು ವರ್ಷ ದುಡಿದು ಇನ್ನೇನು ರಿಟೈರ್ ಆಗೋಣ ಅಂತಿರುವ ನಮ್ಮವರು ಸಿಕ್ಕಾಗ ನಾನು ಕೇಳುವುದು ಒಂದೇ ಪ್ರಶ್ನೆ. ಮೆಡಿಕೇರ್ ಪಾರ್ಟ್ ಬಿಗೆ ಅರ್ಜಿ ಹಾಕಿದ್ರಾ? ಮೆಡಿಕೇರ್ ಅಂದರೆ ವಯಸ್ಸಾದವರಿಗೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆ. ಅದರಲ್ಲಿ ಪಾರ್ಟ್ ಎ ಆಸ್ಪತ್ರೆ ಖರ್ಚಿಗೆ, ಪಾರ್ಟ್ ಬಿ ಡಾಕ್ಟರ್ ಫೀಸು, ಟೆಸ್ಟುಗಳಿಗೆ. 401ಕೆ ಅನ್ನುವ ರಿಟೈರ್‌ಮೆಂಟ್ ಖಾತೆಯಲ್ಲಿ ಎಷ್ಟಿದೆ, ಸೋಷಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರದ ಪಿಂಚಣಿ, ಯಾವ ವಯಸ್ಸಿಗೆ ಶುರು ಮಾಡಬೇಕು, ಇದೆಲ್ಲ ಬಾಯಿಪಾಠ ಆಗಿರುತ್ತದೆ. ಮೆಡಿಕೇರ್ ಅಂದರೆ ಮಾತ್ರ "65ಕ್ಕೆ ತಾನಾಗೇ ಬರುತ್ತೆ ಅಲ್ವಾ?" ಅಂತಾರೆ.

ಎಲ್ಲರಿಗೂ ಬರುವುದಿಲ್ಲ. 65 ತುಂಬುವ ಮೊದಲೇ ಸೋಷಿಯಲ್ ಸೆಕ್ಯುರಿಟಿ ಹಣ ತೆಗೆದುಕೊಳ್ಳಲು ಶುರು ಮಾಡಿದವರಿಗೆ ಕಾರ್ಡ್ ತಾನಾಗಿ ಮನೆಗೆ ಬರುತ್ತದೆ. 1960ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ ಪೂರ್ತಿ ಪಿಂಚಣಿ ಸಿಗುವುದು 67ಕ್ಕೆ, ಹಾಗಾಗಿ ತುಂಬಾ ಜನ ಅಲ್ಲಿಯವರೆಗೆ ಕಾಯುತ್ತಾರೆ. ಆದರೆ ಮೆಡಿಕೇರ್ ವಯಸ್ಸು 65ರಿಂದ ಕದಲಿಲ್ಲ. ಈ ಎರಡು ವರ್ಷದ ಅಂತರದಲ್ಲೇ ಜನ ಸಿಕ್ಕಿಹಾಕಿಕೊಳ್ಳುವುದು.

ನಿಯಮ ಹೀಗಿದೆ. 65 ತುಂಬುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು, ಒಟ್ಟು ಏಳು ತಿಂಗಳಲ್ಲಿ ಪಾರ್ಟ್ ಬಿಗೆ ಸೇರಬೇಕು. ನೀವೋ ನಿಮ್ಮ ಗಂಡ ಅಥವಾ ಹೆಂಡತಿಯೋ ಇನ್ನೂ ಕೆಲಸದಲ್ಲಿದ್ದು ಆ ಕಂಪನಿಯ ವಿಮೆ ಇದ್ದರೆ ಕಾಯಬಹುದು. ಇಲ್ಲದಿದ್ದರೆ ತಡವಾದ ಪ್ರತಿ ಪೂರ್ತಿ 12 ತಿಂಗಳಿಗೆ ಪ್ರೀಮಿಯಂ ಮೇಲೆ ಶೇ. 10 ದಂಡ. ಅದು ಒಂದು ಸಲ ಕಟ್ಟಿ ಮುಗಿಸುವ ದಂಡ ಅಲ್ಲ. ಪಾರ್ಟ್ ಬಿ ಇರುವವರೆಗೂ, ಅಂದರೆ ಹೆಚ್ಚಿನವರಿಗೆ ಬದುಕಿರುವವರೆಗೂ, ತಿಂಗಳು ತಿಂಗಳು ಕಟ್ಟಬೇಕು.

ಜೊತೆಗೆ ಅದು ಬೆಳೆಯುತ್ತದೆ. ಲೆಕ್ಕ ಹಾಕುವುದು ನೀವು ಸೇರಿದ ವರ್ಷದ ಪ್ರೀಮಿಯಂ ಮೇಲಲ್ಲ, ಆಯಾ ವರ್ಷದ ಪ್ರೀಮಿಯಂ ಮೇಲೆ. 2015ರಲ್ಲಿ ಪಾರ್ಟ್ ಬಿ ಸಾಮಾನ್ಯ ಪ್ರೀಮಿಯಂ ತಿಂಗಳಿಗೆ 104.90 ಡಾಲರ್ ಇತ್ತು, 2026ರಲ್ಲಿ 202.90. ಐದು ವರ್ಷ ತಡ ಮಾಡಿ ಶೇ. 50 ದಂಡ ಹಾಕಿಸಿಕೊಂಡವರು ಆಗ ಸುಮಾರು 52 ಡಾಲರ್ ಜಾಸ್ತಿ ಕಟ್ಟುತ್ತಿದ್ದರು, ಈಗ ಸುಮಾರು 101. ಮಾಡಿದ ತಡ ಅಷ್ಟೇ, ದಂಡ ಎರಡರಷ್ಟು ಹತ್ತಿರ ಹೋಗಿದೆ.

ನಮ್ಮ ಭಾವನ ವಿಷಯ ಹೇಳುತ್ತೇನೆ. 2022ರ ಜೂನ್‌ನಲ್ಲಿ, 67ನೇ ವಯಸ್ಸಿನಲ್ಲಿ, ಕೆಲಸ ಹೋಯಿತು. ಕಂಪನಿಯವರು ಕೋಬ್ರಾ ಕೊಟ್ಟರು, ಅಂದರೆ ಹಳೇ ವಿಮೆಯನ್ನೇ ನಾವು ಪೂರ್ತಿ ದುಡ್ಡು ಕಟ್ಟಿ 18 ತಿಂಗಳು ಮುಂದುವರಿಸುವುದು. ಅಲ್ಲಿನ ಎಚ್‌ಆರ್ ಹೆಂಗಸು "ಇದು ಮುಗಿದ ಮೇಲೆ ಮೆಡಿಕೇರ್‌ಗೆ ಹೋಗಿ" ಅಂದರಂತೆ. ಕಾರ್ಡೂ ಅದೇ, ಡಾಕ್ಟರೂ ಅವರೇ. ಯಾರಿಗೆ ತಾನೇ ಅನುಮಾನ ಬರುತ್ತದೆ? ಆದರೆ ಮೆಡಿಕೇರ್ ಕಣ್ಣಿಗೆ ಕೋಬ್ರಾ ಕೆಲಸದಲ್ಲಿರುವವರ ವಿಮೆ ಅಲ್ಲ. ಕೆಲಸ ಬಿಟ್ಟ ಮೇಲೆ ಸಿಗುವ ಎಂಟು ತಿಂಗಳ ಅವಕಾಶ ಜುಲೈನಿಂದಲೇ ಓಡುತ್ತಿತ್ತು, 2023ರ ಫೆಬ್ರವರಿಗೆ ಮುಗಿದೂ ಹೋಯಿತು. ಡಿಸೆಂಬರ್‌ನಲ್ಲಿ ಕೋಬ್ರಾ ಮುಗಿಯುವಾಗ ಫೋನ್ ಮಾಡಿದರೆ, ಈಗ ಆಗುವುದಿಲ್ಲ, ಜನವರಿಯಲ್ಲಿ ಬನ್ನಿ ಅಂದರು. ಜನವರಿ 1ರಿಂದ ಮಾರ್ಚ್ 31ರವರೆಗೆ ಮಾತ್ರ ತಡವಾದವರಿಗೆ ಬಾಗಿಲು ತೆರೆಯುವುದು. ಸೇರಿದ ಮುಂದಿನ ತಿಂಗಳ ಒಂದನೇ ತಾರೀಕಿನಿಂದ ವಿಮೆ ಶುರು.

ದಂಡ ಶೇ. 10, ಈಗಿನ ಲೆಕ್ಕದಲ್ಲಿ ತಿಂಗಳಿಗೆ 20 ಡಾಲರ್. ಅದು ಹೋಗಲಿ. ಎರಡು ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ ಆ ಜನವರಿ ಪೂರ್ತಿ ಪಾರ್ಟ್ ಬಿ ಇಲ್ಲದೆ ಕಳೆದರು. ಆಸ್ಪತ್ರೆಗೆ ಸೇರಿದರೆ ಪಾರ್ಟ್ ಎ ಇತ್ತು. ಡಾಕ್ಟರ್ ಫೀಸು, ಟೆಸ್ಟು, ಸ್ಕ್ಯಾನಿಂಗ್ ಯಾವುದಕ್ಕೂ ಏನೂ ಇರಲಿಲ್ಲ. ಹಿಮ ಬಿದ್ದರೆ ಸಲಿಕೆ ಮುಟ್ಟಲೂ ಅಕ್ಕ ಬಿಡುತ್ತಿರಲಿಲ್ಲ, ತಾನೇ ಹೊರಗೆ ಹೋಗಿ ಡ್ರೈವ್‌ವೇ ಕೆರೆಯುತ್ತಿದ್ದಳು.

ದಂಡ ಇರಲೇಬಾರದು ಅಂತ ನಾನು ಹೇಳುವುದಿಲ್ಲ. ಆರೋಗ್ಯವಾಗಿರುವಷ್ಟು ದಿನ ಹೊರಗಿದ್ದು, ಕಾಯಿಲೆ ಬಂದ ಮೇಲೆ ಎಲ್ಲರೂ ಒಳಗೆ ಬಂದರೆ ಯಾವ ವಿಮೆಯೂ ನಡೆಯುವುದಿಲ್ಲ. ಆದರೆ ಜೀವನಪೂರ್ತಿ ಯಾಕೆ? ಇದೇ ಮೆಡಿಕೇರ್‌ನಲ್ಲಿ ಪಾರ್ಟ್ ಎಗೆ ದುಡ್ಡು ಕಟ್ಟಿ ಸೇರುವವರು ತಡ ಮಾಡಿದರೆ ದಂಡ ಶೇ. 10, ಅದೂ ತಡ ಮಾಡಿದ ವರ್ಷಗಳ ಎರಡರಷ್ಟು ಕಾಲ ಮಾತ್ರ. ಎರಡು ವರ್ಷ ತಡವಾದರೆ ನಾಲ್ಕು ವರ್ಷ ಕಟ್ಟಿ ಮುಗಿಯಿತು. ಅಲ್ಲಿ ಕೊನೆ ಇಟ್ಟವರು ಪಾರ್ಟ್ ಬಿಗೂ ಇಡಬಹುದಲ್ಲ. 2020ರ ಕೊನೆಯಲ್ಲಿ ಪಾಸಾದ ಕಾನೂನಿನಿಂದ 2023ರಿಂದ ಒಂದು ಸುಧಾರಣೆ ಬಂತು. ಮೊದಲು ಜನವರಿಯಲ್ಲಿ ಸೇರಿದವರೂ ಜುಲೈವರೆಗೆ ಕಾಯಬೇಕಿತ್ತು, ಅದು ಹೋಯಿತು. ದಂಡಕ್ಕೆ ಮಾತ್ರ ಯಾರೂ ಕೈ ಹಾಕಲಿಲ್ಲ. ನನಗಂತೂ ಇದು ಅನ್ಯಾಯ ಅಂತಲೇ ಅನಿಸುತ್ತದೆ.

ಈಗ ಊರಿಗೆ ವಾಪಸ್ ಹೋಗುವವರ ವಿಷಯ. ರಿಟೈರ್ ಆಗಿ ಮೈಸೂರಲ್ಲೋ ಬೆಂಗಳೂರಲ್ಲೋ ಮನೆ ಮಾಡಿಕೊಂಡು ಇರುತ್ತೇವೆ ಅನ್ನುವವರು ನಮ್ಮಲ್ಲಿ ಬಹಳ. ಭಾರತದಲ್ಲಿ ಮೆಡಿಕೇರ್ ನಡೆಯುವುದಿಲ್ಲ. ನಡೆಯದ ವಿಮೆಗೆ ಗಂಡ ಹೆಂಡತಿ ಇಬ್ಬರೂ ಸೇರಿ ವರ್ಷಕ್ಕೆ 4,800 ಡಾಲರ್‌ಗಿಂತ ಜಾಸ್ತಿ ಯಾಕೆ ಕಟ್ಟಬೇಕು ಅನ್ನುವುದು ನ್ಯಾಯವಾದ ಪ್ರಶ್ನೆ. ಆದರೆ ಕಟ್ಟದೆ ಬಿಟ್ಟ ಆ ವರ್ಷಗಳೆಲ್ಲ ದಂಡದ ಲೆಕ್ಕಕ್ಕೆ ಸೇರುತ್ತವೆ. ಭಾರತದಲ್ಲಿ ಮಾಡಿಸಿದ ಹೆಲ್ತ್ ಪಾಲಿಸಿ ತೋರಿಸಿದರೆ ಉಪಯೋಗ ಇಲ್ಲ. ಮೊದಲು ಸೇರಿ ಆಮೇಲೆ ಬಿಟ್ಟವರಿಗೂ ಅದೇ ಗತಿ.

ಲೆಕ್ಕ ಮಾಡಿ ನೋಡಿ. ಎಂಟು ವರ್ಷ ಬಿಟ್ಟರೆ ಇವತ್ತಿನ ದರದಲ್ಲಿ ಒಬ್ಬರಿಗೆ 19,000 ಚಿಲ್ಲರೆ ಡಾಲರ್ ಉಳಿಯುತ್ತದೆ. ವಾಪಸ್ ಬಂದ ಮೇಲೆ ಶೇ. 80 ದಂಡ, ವರ್ಷಕ್ಕೆ 1,950 ಡಾಲರ್ ಹತ್ತಿರ. ಉಳಿಸಿದ್ದು ಹತ್ತು ವರ್ಷದಲ್ಲಿ ಕರಗುತ್ತದೆ. ಮೂರು ವರ್ಷ ಬಿಟ್ಟರೂ, ಹನ್ನೆರಡು ವರ್ಷ ಬಿಟ್ಟರೂ ಇದೇ ಹತ್ತು ವರ್ಷ, ಬೇಕಾದರೆ ಹಾಕಿ ನೋಡಿ. ಪ್ರೀಮಿಯಂ ಏರುತ್ತಾ ಹೋಗುವುದರಿಂದ ನಿಜದಲ್ಲಿ ಇನ್ನೂ ಬೇಗ. ಅಂದರೆ 78ಕ್ಕೆ ಮಕ್ಕಳ ಹತ್ತಿರ ವಾಪಸ್ ಬಂದವರಿಗೆ ದುಡ್ಡಿನ ಲೆಕ್ಕದಲ್ಲಿ ನಷ್ಟ ಆಗದೇ ಇರಬಹುದು. ನನ್ನ ಭಯ ಬೇರೆ. ಊರಲ್ಲಿ ಹುಷಾರು ತಪ್ಪಿ, ಮಗಳು ಬಂದು ಏಪ್ರಿಲ್‌ನಲ್ಲಿ ಕರೆದುಕೊಂಡು ಹೋದರೆ? ಬಾಗಿಲು ಮಾರ್ಚ್ 31ಕ್ಕೆ ಮುಚ್ಚಿರುತ್ತದೆ. ಮುಂದಿನ ಜನವರಿವರೆಗೆ ಡಾಕ್ಟರ್ ಬಿಲ್ ಯಾರು ಕಟ್ಟುತ್ತಾರೆ? ಹಾಗಾಗಿ ಇನ್ನು ಈ ಕಡೆ ತಲೆ ಹಾಕುವುದೇ ಇಲ್ಲ ಅನ್ನುವವರು ಬಿಡಿ. ಮಕ್ಕಳು ಮೊಮ್ಮಕ್ಕಳು ಇಲ್ಲೇ ಇದ್ದಾರೆ, ಕೈಲಾಗದ ಕಾಲಕ್ಕೆ ಬರಬೇಕಾಗಬಹುದು ಅನ್ನುವವರು ಕಟ್ಟುತ್ತಾ ಇರುವುದೇ ಒಳ್ಳೆಯದು.

ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಂಡ ಅಪ್ಪ ಅಮ್ಮ ಇಲ್ಲಿ ಕೆಲಸ ಮಾಡಿರದಿದ್ದರೆ ಅವರ ಲೆಕ್ಕ 65ರಿಂದ ಅಲ್ಲ. ಇಲ್ಲಿ ಸತತ ಐದು ವರ್ಷ ಇದ್ದ ಮೇಲೆ ಅವರು ದುಡ್ಡು ಕಟ್ಟಿ ಸೇರಬಹುದು, ಅವರ ಏಳು ತಿಂಗಳು ಬರುವುದೂ ಆಗಲೇ. ಅಲ್ಲಿಯವರೆಗೆ ಮಾರ್ಕೆಟ್‌ಪ್ಲೇಸ್ ವಿಮೆ, ಅಂದರೆ ಸರ್ಕಾರದ ವಿಮಾ ತಾಣದಲ್ಲಿ ಕೊಳ್ಳುವ ಖಾಸಗಿ ವಿಮೆ, ಕೊಡಿಸಿರುತ್ತೀರಿ, ಅದು ಚೆನ್ನಾಗೇ ನಡೀತಿದೆಯಲ್ಲ ಅಂತ ಸುಮ್ನೆ ಇರಬೇಡಿ. ಅದು ದಂಡದಿಂದ ಕಾಪಾಡುವುದಿಲ್ಲ.

ಮಾತ್ರೆ ಔಷಧಿಯ ಪಾರ್ಟ್ ಡಿಗೂ ದಂಡ ಇದೆ. ಸರಿಸಮನಾದ ಔಷಧಿ ವಿಮೆ ಇಲ್ಲದೆ ಸತತ 63 ದಿನ ಕಳೆದರೆ, ವಿಮೆ ಇಲ್ಲದ ಪ್ರತಿ ತಿಂಗಳಿಗೆ ಶೇ. 1. ಲೆಕ್ಕ ಹಾಕುವುದು ಇಡೀ ದೇಶಕ್ಕೆ ಗೊತ್ತುಮಾಡಿದ ಮೂಲ ಪ್ರೀಮಿಯಂ ಮೇಲೆ, 2026ರಲ್ಲಿ ಅದು ತಿಂಗಳಿಗೆ 38.99 ಡಾಲರ್. ಇದಕ್ಕೂ ಕೊನೆ ಇಲ್ಲ, ಆದರೆ ಅಮೆರಿಕದ ಹೊರಗಿದ್ದ ಕಾಲ ಇದಕ್ಕೆ ಸೇರುವುದಿಲ್ಲ.

ಈಗಾಗಲೇ ದಂಡ ಬಿದ್ದಿದ್ದರೆ ಕೈ ಚೆಲ್ಲಬೇಡಿ. ಆದಾಯ ಕಡಿಮೆ ಇದ್ದು ರಾಜ್ಯದ ಮೆಡಿಕೇರ್ ಸೇವಿಂಗ್ಸ್ ಪ್ರೋಗ್ರಾಂಗೆ ಅರ್ಹರಾದರೆ ಪಾರ್ಟ್ ಬಿ ದಂಡ ಹೋಗುತ್ತದೆ. ಕಂಪನಿಯೋ ವಿಮೆಯವರೋ 2023ರ ಜನವರಿ 1ರಂದು ಅಥವಾ ಆಮೇಲೆ ತಪ್ಪು ಮಾಹಿತಿ ಕೊಟ್ಟಿದ್ದರಿಂದ ತಡವಾಯಿತು ಅಂತ ತೋರಿಸಿದರೆ ಸೇರಲು ವಿಶೇಷ ಅವಕಾಶ ಇದೆ. ಅದನ್ನು ತೋರಿಸಲು ಕಾಗದ ಇದ್ದರೆ ಒಳ್ಳೆಯದು. ಭಾವನಿಗೆ ಎಚ್‌ಆರ್ ಹೇಳಿದ್ದು 2022ರಲ್ಲಿ, ಅದೂ ಫೋನಿನಲ್ಲಿ. ಹಾಗಾಗಿ ಇಂಥದ್ದನ್ನೆಲ್ಲ ಈಮೇಲ್‌ನಲ್ಲೇ ಕೇಳಿ. ಕೆಲಸ ಬಿಡುವ ವಾರವೇ ಸಿಎಂಎಸ್ ಎಲ್564 ಅನ್ನುವ ಫಾರ್ಮ್‌ಗೆ ಕಂಪನಿಯಿಂದ ಸಹಿ ಹಾಕಿಸಿಟ್ಟುಕೊಳ್ಳಿ. ಯಾವತ್ತಿನವರೆಗೆ ಕೆಲಸ ಇತ್ತು, ಯಾವತ್ತಿನವರೆಗೆ ವಿಮೆ ಇತ್ತು ಅನ್ನುವುದಕ್ಕೆ ಸೋಷಿಯಲ್ ಸೆಕ್ಯುರಿಟಿ ಆಫೀಸಿನವರು ಕೇಳುವುದು ಅದನ್ನೇ. ಅನುಮಾನ ಇದ್ದರೆ ಪ್ರತಿ ರಾಜ್ಯದಲ್ಲೂ ಶಿಪ್ ಅಂತ ಸಲಹಾ ಕೇಂದ್ರ ಇದೆ. ಅವರು ಯಾವ ವಿಮೆಯನ್ನೂ ಮಾರುವುದಿಲ್ಲ, ಸಲಹೆಗೆ ದುಡ್ಡು ಕೇಳುವುದಿಲ್ಲ. 65 ತುಂಬುವ ಮೂರು ತಿಂಗಳ ಮೊದಲೇ ಅಲ್ಲಿಗೆ ಒಂದು ಫೋನ್ ಮಾಡಿ.