ಯಾವ ವರ್ಷದ ಕಾಫಿ?

ಭಾನುವಾರ ರಾತ್ರಿಯಿಂದ ನಮ್ಮನೆ ಕಾಫಿ ಕುಡಿಯೋಕೆ ನನಗೆ ಧೈರ್ಯ ಸಾಲುತ್ತಿಲ್ಲ. ನಗಬೇಡಿ, ಪೂರ್ತಿ ಕೇಳಿ.

ಆವತ್ತು ಸಂಜೆಯಿಂದಲೇ ಮಳೆ. ಹಾಸನದ ಮಳೆ ಗೊತ್ತಲ್ಲ, ಜೋರಾಗಿ ಬಂದು ಮುಗಿಸೋದಿಲ್ಲ, ನೆಂಟರ ಹಾಗೆ ಕೂತೇ ಇರುತ್ತೆ. ನನ್ನವರು ಹತ್ತು ಗಂಟೆಗೆಲ್ಲ ಗೊರಕೆ. ನನಗೂ ಅತ್ತೆಗೂ ನಿದ್ದೆ ಹತ್ತಲಿಲ್ಲ. ನೋಡಬೇಕು ಅಂತ ಎಷ್ಟೋ ದಿನದಿಂದ ಇಟ್ಟುಕೊಂಡಿದ್ದ ‘ಡಾರ್ಲಿಂಗ್ಸ್’ ಹಾಕಿದೆ. 2022ರ ಹಿಂದಿ ಸಿನಿಮಾ. ಮುಂಬೈನ ಬೈಕುಲ್ಲಾದ ವಠಾರ. ಗಂಡ ರೈಲ್ವೆಯಲ್ಲಿ ಟಿಕೆಟ್ ನೋಡೋನು. ರಾತ್ರಿ ಕುಡಿದು ಹೊಡೀತಾನೆ, ಬೆಳಗ್ಗೆ ಮುದ್ದು ಮಾಡ್ತಾನೆ. ಒಂದು ದಿನ ಹೆಂಡತಿ ಅವನನ್ನ ಕುರ್ಚಿಗೆ ಕಟ್ಟಿಹಾಕಿ, ಇಷ್ಟು ದಿನ ತಿಂದಿದ್ದನ್ನೆಲ್ಲ ಬಡ್ಡಿ ಸಮೇತ ವಾಪಸ್ ಕೊಡೋಕೆ ಶುರು ಮಾಡ್ತಾಳೆ. ಅವಳ ಬೆನ್ನಿಗೆ ಅವಳಮ್ಮ. ಅಳಿಯನನ್ನ ಏನು ಮಾಡೋದು ಅನ್ನೋದನ್ನ ಆ ಅಮ್ಮ ಸೊಪ್ಪು ಬಿಡಿಸ್ತಾ ಮಾತಾಡೋ ಹಾಗೆ ಮಾತಾಡ್ತಾಳೆ. ಶೆಫಾಲಿ ಶಾ ಎಂಥ ನಟಿ!

ಅನ್ನದಲ್ಲಿ ಕಲ್ಲು ಸಿಕ್ಕಿತು ಅಂತ ಗಂಡ ಕೈ ಎತ್ತೋ ಜಾಗದಲ್ಲಿ ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆ ಮುಚ್ಚಲಿಲ್ಲ. ನೆಟ್ಟಗೆ ನೋಡ್ತಾನೇ ಇದ್ದರು. ಕುರ್ಚಿಗೆ ಕಟ್ಟಿದ ಮೇಲೆ ಸೆರಗನ್ನ ಬಾಯಿಗಿಟ್ಟುಕೊಂಡು ಎಷ್ಟು ನಕ್ಕರು ಅಂದರೆ, ಒಳಗೆ ಇವರ ಗೊರಕೆ ಒಂದು ಗಳಿಗೆ ನಿಂತು ಮತ್ತೆ ಶುರುವಾಯ್ತು. ನಕ್ಕು ಕಣ್ಣೊರೆಸಿಕೊಂಡು, “ಈ ಹುಡುಗಿಗೆ ಅವಸರ ಜಾಸ್ತಿ ಕಣೇ. ಇಷ್ಟೆಲ್ಲ ಗಲಾಟೆ ಬೇಕಿತ್ತಾ? ಮೆಲ್ಲಗೆ ಮಾಡ್ಬೋದಿತ್ತು” ಅಂದರು.

“ಏನನ್ನ ಅತ್ತೆ?”

“ನಿಮ್ಮ ಮಾವಂಗೆ ನಾನು ಮಾಡ್ದಂಗೆ.”

ಸಿನಿಮಾ ನಿಲ್ಲಿಸಿದೆ.

ಮಾವ ಕಾಫಿ ಕ್ಯೂರಿಂಗಿನಲ್ಲಿ, ಅಂದರೆ ಕಾಫಿ ಬೀಜ ಹದ ಮಾಡೋ ಕಾರ್ಖಾನೆಯಲ್ಲಿ, ಗುಮಾಸ್ತರಾಗಿದ್ದವರು. ಬೆಳೆಗಾರರು ಬೆಳೆದಿದ್ದನ್ನೆಲ್ಲ ಕಾಫಿ ಬೋರ್ಡಿಗೇ ಒಪ್ಪಿಸಬೇಕಿದ್ದ ಕಾಲ ಅದು. ಅಲ್ಲಿ ಬೀಜ ಆರಿಸುತ್ತಿದ್ದವರು ಸಾಲಾಗಿ ಕೂತ ಹೆಂಗಸರು. ಇವರು ಬರೆದದ್ದು ಮೂಟೆ ಲೆಕ್ಕ. ಆದರೂ ಇಡೀ ಸಾಲಗಾಮೆ ರಸ್ತೆಗೆ ಕಾಫಿಯ ಬಗ್ಗೆ ಕೊನೇ ಮಾತು ಇವರದೇ. ಮೂಸಿಯೇ ಅರೇಬಿಕಾ, ರೋಬಸ್ಟಾ ಹೇಳ್ತೀನಿ ಅನ್ನೋರು. ಮನೆಗೆ ಬಂದವರಿಗೆಲ್ಲ, “ನಮ್ಮನೆ ಹೊಸಲು ಚಿಕೋರಿ ದಾಟಿಲ್ಲ” ಅಂತ ಒಂದು ಸಲವಾದರೂ ಹೇಳದೆ ಬಿಡುತ್ತಿರಲಿಲ್ಲ. ಚಿಕೋರಿ ಅಂದರೆ ಕಾಫಿಪುಡಿಗೆ ಬೆರೆಸೋ ಒಂದು ಬೇರಿನ ಪುಡಿ. ನನ್ನನ್ನ ನೋಡೋಕೆ ಬಂದ ದಿನ ನಮ್ಮಮ್ಮ ಕೊಟ್ಟ ಕಾಫಿ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, “ನಲವತ್ತು ಪರ್ಸೆಂಟ್” ಅಂದಿದ್ದರು. ನಮ್ಮಮ್ಮ ಇವತ್ತಿಗೂ ಅದನ್ನ ಮರೆತಿಲ್ಲ. ಅಂಗಡಿಯವನು 49 ಪರ್ಸೆಂಟ್ ತನಕ ಚಿಕೋರಿ ಸೇರಿಸಬಹುದು ಅಂತ ಕಾನೂನೇ ಇದೆ. ನಮ್ಮಮ್ಮನಿಗೆ ಆವತ್ತು ಗೊತ್ತಿದ್ದಿದ್ದರೆ ಹೇಳಿರೋಳು.

ಹಾಗಂತ ಮಾವ ಕೆಟ್ಟವರಲ್ಲ. ನನಗೆ ಸ್ಕೂಟರ್ ಕಲಿಸಿದವರು. 2014ರಲ್ಲಿ ಹೋದಾಗ ಬಂದವರೆಲ್ಲ ‘ದೇವರಂಥ ಮನುಷ್ಯ’ ಅಂದರು, ನಾನೂ ಅಂದೆ. ಪಕ್ಕದಲ್ಲಿ ಕೂತಿದ್ದ ಅತ್ತೆ ಏನೂ ಅಂದಿರಲಿಲ್ಲ. ದುಃಖ ಅಂದುಕೊಂಡಿದ್ದೆವು.

1986ರಲ್ಲಿ ಒಂದು ಬೆಳಗ್ಗೆ ಡಿಕಾಕ್ಷನ್ ನೀರಾಯ್ತು ಅಂತ ಮಾವ ಲೋಟ ಎಸೆದರಂತೆ. ಬಿಸಿ ಕಾಫಿ ತುಂಬಿದ್ದ ಹಿತ್ತಾಳೆ ಲೋಟ. ಅತ್ತೆಯ ಕಿವಿ ಪಕ್ಕದಿಂದ ಹಾದು ಗೋಡೆಗೆ ಬಡಿದು ಗಾರೆ ಕಿತ್ತು ಬಂತು. ಒಂದೇ ಸಲ. ಆಮೇಲೆ ಯಾವತ್ತೂ ಎಸೆಯಲಿಲ್ಲ. ಅಡುಗೆಮನೆ ಕ್ಯಾಲೆಂಡರ್ ಯಾಕೆ ಅಷ್ಟು ಕೆಳಗೆ, ಓದಬೇಕಾದರೆ ಬಗ್ಗಬೇಕಾದ ಜಾಗದಲ್ಲಿದೆ ಅಂತ ನಾನು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ‘ಅಲ್ಲಿ ಮೊಳೆ ಇತ್ತು’ ಅಂದಿದ್ದರು.

“ಗಟ್ಟಿ ಬೇಕು ಅಂದ್ರಲ್ಲ, ಗಟ್ಟಿ ಕೊಟ್ಟೆ.” ಡಿಕಾಕ್ಷನ್ ಗಟ್ಟಿಯಾಗಿ, ಕಪ್ಪಗೆ ಇಳಿಯಬೇಕು ಅಂದರೆ ಚಿಕೋರಿಗಿಂತ ಸುಲಭದ ದಾರಿ ಇಲ್ಲ. ಮಾವ ಕಷ್ಟಪಟ್ಟು ಗುರುತಿನವರಿಂದ ತಂದು, ಹುರಿಸಿ, ಪುಡಿ ಮಾಡಿಸಿ ಕೊಡುತ್ತಿದ್ದ ಕಾಫಿಗೆ ಅತ್ತೆ ಸರಿಯಾಗಿ ಅರ್ಧಕ್ಕರ್ಧ ಚಿಕೋರಿ ಬೆರೆಸಿದರು. ಬೆರೆಸದೆ ಉಳಿಸಿದ ಪುಡಿ ರಾಗಿಹಿಟ್ಟಿನ ಡಬ್ಬದ ಹಿಂದೆ. ಮಧ್ಯಾಹ್ನ ಮೂರು ಗಂಟೆಗೆ, ಮನೇಲಿ ಯಾರೂ ಇಲ್ಲದಾಗ, ಅಪ್ಪಟ ಕಾಫಿ ಅವರೊಬ್ಬರಿಗೇ. ಮಾವ ಮೊದಲನೇ ದಿನ ಕುಡಿದು, “ನೋಡು, ಒಂದು ಸಲ ಹೇಳಿದ್ದಕ್ಕೆ ಎಷ್ಟು ಚೆನ್ನಾಗಿ ಬಂತು” ಅಂದರಂತೆ. ಅಲ್ಲಿಂದ 28 ವರ್ಷ. “ಸಾಯೋವರ್ಗೂ ಹೊಗಳಿದ್ರು ಕಣೇ. ಬಂದೋರ ಮುಂದೆಲ್ಲ ಹೊಗಳಿದ್ರು. ನಾನು ನಿಂತ್ಕೊಂಡು ಕೇಳ್ತಿದ್ದೆ.”

ಆ ‘ನಿಂತ್ಕೊಂಡು ಕೇಳ್ತಿದ್ದೆ’ ಅಂದಾಗಿನ ಮುಖವನ್ನ ನೀವು ನೋಡಬೇಕಿತ್ತು. ಗಂಡನನ್ನ ಕುರ್ಚಿಗೆ ಕಟ್ಟಿಹಾಕಿದ ಹುಡುಗಿಯ ಮುಖದಲ್ಲಿ ಅಷ್ಟು ನೆಮ್ಮದಿ ಇರಲಿಲ್ಲ.

ನನಗೂ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗ್ತಾ ನಗ್ತಾ ಒಂದು ಕಡೆ ನಿಂತೆ. ಈ ಮನೆಗೆ ಬಂದು ನನಗೂ ಹದಿನಾರು ವರ್ಷ ಆಯ್ತಲ್ಲ.

“ಅತ್ತೆ, ಹಾಗಾದ್ರೆ ನನ್ನ ಕಾಫಿ?”

ಅತ್ತೆ ರಿಮೋಟ್ ತೆಗೆದುಕೊಂಡರು. “ಯಾವ ವರ್ಷದ್ದು ಕೇಳ್ತಿದೀಯ?” ಅಂದವರೇ ಸಿನಿಮಾ ಮುಂದಕ್ಕೆ ಹಾಕಿದರು.

ಯಾವ ವರ್ಷದ್ದು! ಆಮೇಲೆ ತೆರೆ ಮೇಲೆ ಏನಾಯ್ತೋ ನನಗೆ ಸರಿಯಾಗಿ ನೆನಪಿಲ್ಲ. ಸೋಮವಾರ ಪಾತ್ರೆ ತೊಳೆಯುವಾಗ, ಮಂಗಳವಾರ ಬಸ್ಸಿನಲ್ಲಿ, ಎಲ್ಲ ಕಡೆ ಅದೇ ಮಾತು. ಬಾಣಂತನಕ್ಕೆ ನಮ್ಮಮ್ಮನ ಮನೆಯಲ್ಲಿ ಐದು ತಿಂಗಳು ಕೂತಿದ್ದ ವರ್ಷದ್ದಾ? ‘ನಿಮ್ಮ ಮಗನಿಗೆ ಒಂದು ಲೋಟ ತೊಳೆಯೋದು ಕಲಿಸಿಲ್ಲ ನೀವು’ ಅಂದಿದ್ದ ವರ್ಷದ್ದಾ? ಅವರ ಹಳೇ ಒರಳುಕಲ್ಲನ್ನ ಕೇಳದೆ ಗುಜರಿಗೆ ಕೊಟ್ಟೆನಲ್ಲ, ಆವತ್ತು ಸಂಜೆ ಕೊಟ್ಟ ಕಾಫಿ ಗಟ್ಟಿಯಿತ್ತು, ನನಗೆ ಈಗಲೂ ನೆನಪಿದೆ, ‘ಅತ್ತೆ ಕೋಪ ಮಾಡ್ಕೊಳ್ಳಲಿಲ್ಲ’ ಅಂತ ಇವರ ಹತ್ತಿರ ಖುಷಿಯಿಂದ ಹೇಳಿದ್ದೆ. ಇವರಿಗೆ ಈ ವಿಷಯ ಹೇಳಿದರೆ, “ಅಮ್ಮ ತಮಾಷೆ ಮಾಡಿರ್ತಾಳೆ ಬಿಡು” ಅಂದರು. ವರ್ಷಾನುಗಟ್ಟಲೆ ಅಪ್ಪನ ಜೊತೆ ಕೂತು ಅದೇ ಕಾಫಿ ಕುಡಿದ ಮನುಷ್ಯ. ಇವರ ನಾಲಿಗೆಯಿಂದ ಏನು ನಿರೀಕ್ಷೆ ಮಾಡೋದು.

ಹೋದ ವರ್ಷ ಹಾಸನಾಂಬೆ ಬಾಗಿಲು ತೆಗೆದಾಗ ಅತ್ತೆ ಆಡಿದ ಮಾತು ಈಗ ಬೇರೆಯೇ ಥರ ಕೇಳಿಸ್ತಿದೆ. 1000 ರೂಪಾಯಿ ಟಿಕೆಟ್ ತರ್ತೀನಿ ಅಂದರೆ ಒಪ್ಪದೆ ಧರ್ಮದರ್ಶನದ ಸಾಲಿನಲ್ಲೇ ನಿಂತಿದ್ದೆವು. ಹಿಂದೆ ನಿಂತಿದ್ದ ಹೆಂಗಸೊಬ್ಬಳು ಮಗಳಿಗೆ ಸೊಸೆ ಕಲ್ಲಿನ ಕಥೆ ಹೇಳ್ತಿದ್ದಳು. ದಿನಾ ದೇವಿ ದರ್ಶನಕ್ಕೆ ಬರುತ್ತಿದ್ದ ಸೊಸೆ. ಹಿಂದೆಯೇ ಬಂದು ತಲೆ ಮೇಲೆ ಕುಟ್ಟಿದ ಅತ್ತೆ. ‘ಕಾಪಾಡು ತಾಯಿ’ ಅಂದ ಸೊಸೆಯನ್ನ ದೇವಿ ಕಲ್ಲು ಮಾಡಿ ತನ್ನ ಹತ್ತಿರವೇ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿ ಕಡೆಗೆ ಸರಿಯುತ್ತಂತೆ, ಮುಟ್ಟಿದ ದಿನ ಕಲಿಯುಗ ಮುಗಿಯುತ್ತಂತೆ. ನಮ್ಮತ್ತೆ ತಿರುಗಿ ಅವಳಿಗೇ ಕೇಳಿದರು:

“ಅಲ್ಲಮ್ಮ, ಒಡವೆ ಕದಿಯೋಕೆ ಬಂದ ಕಳ್ಳರನ್ನೂ ಇದೇ ದೇವಿ ಕಲ್ಲು ಮಾಡಿದ್ಳು. ಕಳ್ಳರಿಗೂ ಕಲ್ಲು, ಕಷ್ಟ ಹೇಳ್ಕೊಂಡೋಳಿಗೂ ಕಲ್ಲು. ಆ ಅತ್ತೆ ಏನಾದ್ಳು? ಮನೆಗೆ ಹೋಗಿ ಊಟ ಮಾಡಿರ್ತಾಳೆ.”

ಆ ಹೆಂಗಸು ಕೆನ್ನೆ ಕೆನ್ನೆ ಬಡಿದುಕೊಂಡಳು. ನನಗೆ ನಾಚಿಕೆಯಾಗಿ ಅತ್ತೆಯ ಕೈ ಹಿಂಡಿದೆ. ಅವರು ಬಿಡಲಿಲ್ಲ: “ಭಕ್ತಿಗೆ ಹೋಗ್ತಿದೆ ಅನ್ಕೊಂಡಿದೀರಾ ಆ ಕಲ್ಲು? ಕೇಳೋಕೆ ಹೋಗ್ತಿರೋದು.”

ಅಕ್ಕಿಕಾಳು ಅಂದರೆ ಸುಮಾರು ಆರು ಮಿಲಿಮೀಟರ್. ನೂರು ವರ್ಷ ನಡೆದರೆ ಎರಡಡಿ. 28 ವರ್ಷಕ್ಕೆ ನನ್ನ ಒಂದು ಗೇಣೂ ಆಗಲ್ಲ. ಯಾರ ಕಣ್ಣಿಗೂ ಬೀಳದ ಹಾಗೆ, ದಿನಕ್ಕೆ ಎರಡು ಲೋಟದಂತೆ, ಹಾಲು ಸಕ್ಕರೆ ಹಾಕಿ, ನೊರೆ ಬರೋ ಹಾಗೆ ಎತ್ತಿ ಸುರಿದು ನಡೆದ ದಾರಿ. ಸಿನಿಮಾದಲ್ಲಾದರೆ ಪೊಲೀಸರು ಬರ್ತಾರೆ, ಸಾಕ್ಷಿ ಹುಡುಕ್ತಾರೆ. ಇಲ್ಲಿ ಸಾಕ್ಷಿಯನ್ನ ದಿನಾ ಬೆಳಗ್ಗೆ ಅವರೇ ಕುಡಿದು, ಬಾಯಿ ಚಪ್ಪರಿಸಿ, ಚೆನ್ನಾಗಿದೆ ಅಂದು ಆಫೀಸಿಗೆ ಹೋಗ್ತಿದ್ದರು. ಮಾವನ ಮೇಲೆ ಅಯ್ಯೋ ಅನಿಸುತ್ತೆ. ಅಷ್ಟರಲ್ಲಿ ಬಗ್ಗಿ ಕ್ಯಾಲೆಂಡರ್ ಎತ್ತಿ ನೋಡ್ತೀನಿ. ಮೂರು ಸಲ ಸುಣ್ಣಬಣ್ಣ ಆದರೂ ಆ ತಗ್ಗು ಹಾಗೇ ಇದೆ. ನನ್ನ ಹೆಬ್ಬೆರಳು ಸರಿಯಾಗಿ ಕೂರುತ್ತೆ. ಲೋಟ ನಾಲ್ಕು ಬೆರಳು ಈಚೆ ಬಿದ್ದಿದ್ದರೆ?

ನಿನ್ನೆ ಅತ್ತೆ ಸ್ನಾನಕ್ಕೆ ಹೋದಾಗ ರಾಗಿಹಿಟ್ಟಿನ ಡಬ್ಬ ಸರಿಸಿದೆ. ಹಿಂದೆ ಒಂದಲ್ಲ, ಎರಡು ಡಬ್ಬ. ಎರಡರ ಮೇಲೂ ಏನೂ ಬರೆದಿಲ್ಲ. ಪರೀಕ್ಷೆ ಸುಲಭ: ತಣ್ಣೀರಿನ ಮೇಲೆ ಪುಡಿ ಉದುರಿಸಿದರೆ ಕಾಫಿ ತೇಲುತ್ತೆ, ಚಿಕೋರಿ ಕಂದು ಗೆರೆ ಎಳೀತಾ ತಳಕ್ಕೆ ಇಳಿಯುತ್ತೆ. ಒಂದು ಗಾಜಿನ ಲೋಟಕ್ಕೆ ನೀರು ಹಿಡಿದು, ಸ್ಟೌ ಪಕ್ಕದಲ್ಲಿ ದಿನಾ ಬಳಸೋ ಡಬ್ಬದಿಂದ ಒಂದು ಚಮಚ ಉದುರಿಸಿ, ಬಗ್ಗಿ ನೋಡ್ತಿದ್ದೆ.

“ಏನ್ ನೋಡ್ತಿದೀಯ?”

ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಏನಾದರೂ ಹೇಳೋ ಮುಂಚೆ ಬಂದು ಲೋಟ ತೆಗೆದು ಸಿಂಕಿಗೆ ಸುರಿದರು. “ಪುಡಿ ರೇಟ್ ಎಷ್ಟಾಗಿದೆ ಗೊತ್ತಾ? ಹಿಂಗೆ ಚೆಲ್ತಾರಾ?” ಅಂದು, ಒಲೆ ಹಚ್ಚಿ ಹಾಲಿಟ್ಟರು. ನಾನು ಜಗಲಿಗೆ ಹೋಗಿ ಕೂತೆ. ಒಳಗೆ ಯಾವುದೋ ಡಬ್ಬದ ಮುಚ್ಚಳ ತೆಗೆದ ಸದ್ದು. ಯಾವುದು ಅಂತ ಹೊಳೆಯಲಿಲ್ಲ.

ಲೋಟ ತಂದುಕೊಟ್ಟು ಎದುರಿಗೇ ನಿಂತರು. ಗುಟುಕರಿಸಿದೆ. ಗಟ್ಟಿಯಾಗಿತ್ತು.

“ಚೆನ್ನಾಗಿದೆ ಅತ್ತೆ” ಅಂದೆ.